ಕಟ ಕಟ ಸದ್ದು ಬಂತೆಂದು ಶಾಕ್ ಅಬ್ಸಾರ್ಬರ್ ಬದಲಿಸಬೇಡಿ: ಸಸ್ಪೆನ್ಷನ್ ದೋಷ ಹುಡುಕುವ ಬಗೆ

ಮೂರು ವರ್ಷದ ಹಿಂದೆ ನನ್ನ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಎಡಗಡೆಯಿಂದ 'ಕಟ ಕಟ' ಸದ್ದು ಶುರುವಾಯಿತು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಮೇಲೆ ಎರಡು ಸಲ ಕೈಯೂರಿ ಅದುಮಿದರು. 'ಶಾಕ್ ಹೋಗಿದೆ ಸಾರ್, ಎರಡೂ ಕಡೆ ಒಟ್ಟಿಗೆ ಹಾಕಿಸಿಬಿಡಿ' ಎಂದರು. ಹಾಕಿಸಿದೆ. ಹತ್ತು ಸಾವಿರದ ಮೇಲೆ ಬಿಲ್ಲಾಯಿತು. ಗೇಟು ದಾಟಿ ಮೊದಲನೇ ಗುಂಡಿಗೆ ಗಾಲಿ ಇಳಿಯಿತು. ಕಟ ಕಟ!

ಕೊನೆಗೆ ಕೆಟ್ಟಿದ್ದು ಗಾಲಿಯ ಪಕ್ಕದ ಲಿಂಕ್ ರಾಡ್ ಎಂಬ ಸಣ್ಣ ಸರಳು ಅಂತ ಗೊತ್ತಾಯಿತು. ಕೆಲವು ನೂರು ರೂಪಾಯಿಯ ಸಾಮಾನು, ಬದಲಿಸೋಕೆ ಅರ್ಧ ಗಂಟೆ. ಆವತ್ತಿನಿಂದ ಸದ್ದಾಗಲಿ, ಎಳೆತವಾಗಲಿ, ಕುಲುಕಾಟವಾಗಲಿ, ಮೊದಲು ನಾನೇ ನೋಡಿ, ಅಲುಗಾಡಿಸಿ, ಆಮೇಲೆ ಗ್ಯಾರೇಜಿಗೆ ಹೋಗುತ್ತೇನೆ. ಹುಡುಕುವ ಕ್ರಮ ಹೀಗಿದೆ.

ಕೆಳಗೆ ಏನಿದೆ?

ಹಳೇ ಜೀಪುಗಳ ಮುಂದಿನ ಎರಡು ಗಾಲಿಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸಿರುತ್ತದೆ. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿಯೂ ವಾಲುತ್ತದೆ. ಜೋರಾಗಿ ತಿರುಗುತ್ತಿರುವ ಗಾಲಿಯನ್ನು ಹಾಗೆ ವಾಲಿಸಿದರೆ ಅದು ಬುಗುರಿಯಂತೆ ಪಕ್ಕಕ್ಕೆ ಹೊರಳಲು ನೋಡುತ್ತದೆ. ಆಗ ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ. ಮಲೆನಾಡಿನಲ್ಲಿ ಜೀಪ್ ಓಡಿಸಿದವರಿಗೆ ಈ ನಡುಕ ಚೆನ್ನಾಗಿ ಗೊತ್ತು. ಮುಂದಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿದಷ್ಟೂ ಇದು ಜಾಸ್ತಿ. 1930ರ ದಶಕದಲ್ಲಿ ಅಮೆರಿಕದ ಕಂಪನಿಗಳು ಮುಂದಿನ ಗಾಲಿಗಳನ್ನು ಬೇರೆ ಬೇರೆಯಾಗಿ ತೂಗುಹಾಕಲು ಇದೂ ಒಂದು ಕಾರಣ. ಗಾಲಿಗಳು ಬೇರೆಯಾದ ಮೇಲೆ ಸ್ಪ್ರಿಂಗ್ ಮೆತ್ತಗಾಗಬಹುದು, ಸವಾರಿ ಹಿತವಾಗಬಹುದು.

ಆದರೆ ಈ ಹಿತಕ್ಕೆ ಕೊಟ್ಟ ಬೆಲೆ ಎಂದರೆ ಕೀಲುಗಳು. ಮುಂದಿನ ಒಂದೊಂದು ಗಾಲಿಗೂ ಒಂದು ಲೋವರ್ ಆರ್ಮ್ (ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ತೋಳು), ಅದಕ್ಕೆ ಎರಡು ರಬ್ಬರ್ ಬುಶ್ (ಕೀಲಿನ ಮೆತ್ತೆ), ಒಂದು ಬಾಲ್ ಜಾಯಿಂಟ್ (ಗುಂಡು ಕೀಲು). ಮೇಲೆ ಸ್ಟ್ರಟ್ಟನ್ನು, ಅಂದರೆ ಶಾಕ್-ಸ್ಪ್ರಿಂಗ್ ಜೋಡಿಯನ್ನು, ಕಾರಿನ ಮೈಗೆ ಕೂರಿಸುವ ಸ್ಟ್ರಟ್ ಮೌಂಟ್, ಅದರೊಳಗೆ ಬೇರಿಂಗ್. ಪಕ್ಕದಲ್ಲಿ ಲಿಂಕ್ ರಾಡ್, ಅದಕ್ಕೆ ಎರಡು ಕೀಲು. ಜೊತೆಗೆ ಗಾಲಿಯನ್ನು ತಿರುಗಿಸುವ ಸ್ಟೇರಿಂಗ್ ಸರಳಿನ ತುದಿಯ ಕೀಲು, ಟೈ ರಾಡ್ ಎಂಡ್. ಇವುಗಳಲ್ಲಿ ಯಾವುದು ಸಡಿಲವಾದರೂ ಡ್ರೈವರ್ ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತದೆ. ಸುಮ್ನೆ ಶಾಕ್ ಮೇಲೆ ತಪ್ಪು ಹೊರಿಸುವುದು ಸುಲಭ, ಅಲ್ವಾ?

ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಏರ್ಪಾಟು ಮುಂದಿನ ಈ ಸ್ಟ್ರಟ್. ಇದರಲ್ಲಿ ಶಾಕ್ ಅಬ್ಸಾರ್ಬರ್ ಕುಲುಕಾಟ ತಡೆದು ಸುಮ್ಮನಾಗುವುದಿಲ್ಲ, ಗಾಲಿಯನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಅದೇ. ಹಾಗಾಗಿ ಸ್ಟ್ರಟ್ ಬಾಗಿದರೆ ಗಾಲಿಯೇ ವಾಲುತ್ತದೆ. ಹಿಂದಿನ ಶಾಕ್‌ಗೆ ಈ ಹೊರೆ ಇಲ್ಲ. ಟಾರ್ಷನ್ ಬೀಮನ್ನು ಪೂರ್ತಿ ಸ್ವತಂತ್ರ ಎನ್ನುವಂತಿಲ್ಲ. ಎರಡು ಗಾಲಿಗಳ ನಡುವಿನ ತೊಲೆ ತಿರುಚಿಕೊಂಡು ಅಷ್ಟಿಷ್ಟು ಸ್ವಾತಂತ್ರ್ಯ ಕೊಡುತ್ತದೆ, ಅಷ್ಟೇ.

ಮೊದಲು ಟಯರ್

ನಗಬೇಡಿ. 'ಸಸ್ಪೆನ್ಷನ್ ಗಟ್ಟಿಯಾಗಿದೆ' ಎಂದು ಬಂದ ಸ್ನೇಹಿತರೊಬ್ಬರ ಕಾರಿನಲ್ಲಿ ಗಾಳಿ ಹೇಳಿದ್ದಕ್ಕಿಂತ ಹತ್ತು ಪಿಎಸ್ಐ ಜಾಸ್ತಿ ಇತ್ತು. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿಯನ್ನು, ಟಯರ್ ತಣ್ಣಗಿರುವಾಗ ತುಂಬಿಸಿ. ಆಮೇಲೆ ಟಯರ್ ಸವೆದಿರುವ ಬಗೆ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ ಇತ್ತು. ನಡುವೆ ಸವೆದಿದ್ದರೆ ಜಾಸ್ತಿ ಇತ್ತು. ಒಳ ಅಂಚನ್ನು ಮಾತ್ರ ತಿಂದಿದ್ದರೆ ಅಲೈನ್‌ಮೆಂಟ್ (ಗಾಲಿಗಳ ಕೋನ) ತಪ್ಪಿದೆ ಅಥವಾ ಏನೋ ಬಾಗಿದೆ. ಅಂಗೈಯಿಂದ ಅಡ್ಡಡ್ಡ ಸವರಿದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ, ಅಂದರೆ ಮೇಲಿಂದ ನೋಡಿದಾಗ ಗಾಲಿಯ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಮಾತ್ರ ಶಾಕ್ ಮೇಲೆ ಅನುಮಾನ ಪಡಬಹುದು. ಗಾಲಿ ರಸ್ತೆಗೆ ಅಂಟಿಕೊಳ್ಳದೆ ಪುಟಿಯುತ್ತಾ ಓಡಿದ ಗುರುತು ಅದು. ಬ್ಯಾಲೆನ್ಸಿಂಗ್ ಇಲ್ಲದಿದ್ದರೂ ಹೀಗಾಗಬಹುದು.

ವೇಗ ಗಂಟೆಗೆ 80 ಕಿಲೋಮೀಟರ್ ದಾಟಿದ ಮೇಲೆ ಸ್ಟೇರಿಂಗ್ ನಡುಗಿ, ಇನ್ನೂ ವೇಗ ಏರಿದರೆ ಕಮ್ಮಿಯಾಗುತ್ತದೆಯೇ? ಹಾಗಿದ್ದರೆ ಮೊದಲು ಬ್ಯಾಲೆನ್ಸಿಂಗ್ ಮಾಡಿಸಿ, ರಿಮ್ ಬಾಗಿದೆಯಾ ನೋಡಿಸಿ. ಕೆಳಗೆ ನುಸುಳುವ ಅಗತ್ಯವೇ ಇಲ್ಲ.

ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ಒಂದು ವಿಷಯ ನೆನಪಿಡಿ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ನಾವು ಎಡಗಡೆ ಓಡಿಸುವವರು. ಸ್ಟೇರಿಂಗ್ ಬಿಟ್ಟರೆ ಕಾರು ನಿಧಾನಕ್ಕೆ ಎಡಕ್ಕೆ ಸರಿಯುವುದು ಸಹಜ. ಬಲಕ್ಕೆ ಎಳೆದರೆ ಅಥವಾ ಎಡಕ್ಕೆ ರಭಸವಾಗಿ ಎಳೆದರೆ ಮಾತ್ರ ದೋಷ. ಮುಂದಿನ ಎರಡು ಟಯರ್‌ಗಳನ್ನು ಅದಲು ಬದಲು ಮಾಡಿ ನೋಡಿ. ತಿರುಗುವ ದಿಕ್ಕಿನ ಬಾಣದ ಗುರುತು ಇರುವ ಟಯರ್ ಆದರೆ ಬೇಡ. ಎಳೆತವೂ ಕಡೆ ಬದಲಿಸಿದರೆ ತಪ್ಪು ಟಯರಿನದು, ಸಸ್ಪೆನ್ಷನ್ ಪಾಪ ನಿರಪರಾಧಿ.

ಸದ್ದು ಯಾವಾಗ ಬರುತ್ತದೆ?

ಎಲ್ಲಿಂದ ಬರುತ್ತದೆ ಎಂದು ಕಿವಿ ಹೇಳುವುದನ್ನು ಪೂರ್ತಿ ನಂಬಬೇಡಿ. ಕಬ್ಬಿಣದ ಮೈಯಲ್ಲಿ ಸದ್ದು ಎಡದಿಂದ ಬಲಕ್ಕೆ ಹರಿದುಹೋಗುತ್ತದೆ. ಯಾವಾಗ ಬರುತ್ತದೆ ಎಂಬುದು ಮಾತ್ರ ಸುಳ್ಳು ಹೇಳುವುದಿಲ್ಲ.

ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ. ರಸ್ತೆಯ ಪೂರ್ತಿ ಅಗಲಕ್ಕೆ ಇರುವ ಒಂದು ಹಂಪ್ ಹುಡುಕಿ. ಎರಡೂ ಮುಂದಿನ ಗಾಲಿ ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿಯುವಂತೆ ನಿಧಾನವಾಗಿ ದಾಟಿಸಿ. ಆಮೇಲೆ ಅದೇ ವೇಗದಲ್ಲಿ ಒಂದೇ ಗಾಲಿ ಗುಂಡಿಗೆ ಇಳಿಯುವಂತೆ ಓಡಿಸಿ. ಹಂಪ್ ಮೇಲೆ ಮೌನ, ಗುಂಡಿಯಲ್ಲಿ ಕಟ ಕಟ ಎಂದರೆ ಹತ್ತಕ್ಕೆ ಎಂಟು ಪಾಲು ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬಾರ್ ಬುಶ್. ಕಾರಣ ಸರಳ. ಸ್ಟೆಬಿಲೈಸರ್ ಬಾರ್ ಅಂದರೆ ಎಡ-ಬಲ ಗಾಲಿಗಳ ನಡುವಿನ ಒಂದು ಕಬ್ಬಿಣದ ಸರಳು. ತಿರುವಿನಲ್ಲಿ ಕಾರು ಜಾಸ್ತಿ ವಾಲದಂತೆ ತಡೆಯುವುದು ಅದರ ಕೆಲಸ. ಅದರ ಎರಡು ತುದಿಯನ್ನು ಗಾಲಿಗಳ ಕಡೆಗೆ ಜೋಡಿಸುವುದೇ ಲಿಂಕ್ ರಾಡ್. ಎರಡು ಗಾಲಿ ಒಟ್ಟಿಗೆ ಏರಿದರೆ ಅದು ಸುಮ್ಮನೆ ಜೊತೆಗೆ ತಿರುಗುತ್ತದೆ, ತಿರುಚಿಕೊಳ್ಳುವುದಿಲ್ಲ. ಒಂದೇ ಗಾಲಿ ಏರಿದಾಗ ಮಾತ್ರ ಲಿಂಕ್ ರಾಡ್ ಮೇಲೆ ಜಗ್ಗಾಟ ಬೀಳುತ್ತದೆ. ನನ್ನ ಕಾರಿನದೂ ಇದೇ ಕತೆ. ಹಂಪ್ ಮೇಲೆ ಒಂದು ಸಲವೂ ಸದ್ದು ಬಂದಿರಲಿಲ್ಲ. ಮೆಕ್ಯಾನಿಕ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಾಲಿಗಳು ನೆಲದ ಮೇಲಿರುವಾಗಲೇ ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಹಿಂದಿನಿಂದ ಕೈ ಹಾಕಿ ಲಿಂಕ್ ರಾಡ್ ಹಿಡಿದು ಅಲುಗಾಡಿಸಿ. ಒಳ್ಳೆಯದಾದರೆ ಬಿಗಿಯಾಗಿರುತ್ತದೆ. ಕೆಟ್ಟಿದ್ದರೆ ಬೆರಳಿಗೇ 'ಟಕ್' ಎಂದು ತಿಳಿಯುತ್ತದೆ. ಒಂದೇ ಗಾಲಿಗೆ ಜಾಕ್ ಕೊಟ್ಟು ನೋಡಿದರೆ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿದಿರುತ್ತದೆ, ಸಡಿಲ ಗೊತ್ತೇ ಆಗುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಹಂಪ್ ಮೇಲೂ ಗುಂಡಿಯಲ್ಲೂ ದಪ್ಪನೆಯ 'ದಡ್' ಬಂದರೆ ಸ್ಟ್ರಟ್ ಮೌಂಟ್ ಅಥವಾ ಶಾಕ್ ಕಡೆ ನೋಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ 'ಟಂಗ್' ಎಂದು ಸ್ಪ್ರಿಂಗ್ ಸಿಡಿದಂತೆ ಕೇಳಿದರೆ ಮೌಂಟ್ ಬೇರಿಂಗ್ ಹಿಡಿದುಕೊಂಡಿದೆ. ಇನ್ನೊಬ್ಬರು ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಿ ನೋಡಿ. ಬೆರಳನ್ನು ಸುರುಳಿಯ ನಡುವೆ ತೂರಿಸಬೇಡಿ. ಬೇರಿಂಗ್ ಹಿಡಿದಿದ್ದರೆ ಸ್ಪ್ರಿಂಗ್ ಸರಾಗವಾಗಿ ತಿರುಗುವ ಬದಲು ತಡೆದು ಜಿಗಿಯುತ್ತದೆ. ಇದೇ ಕಾರಿನಲ್ಲಿ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ ಎಂಬ ದೂರೂ ಇರುತ್ತದೆ.

ಬ್ರೇಕ್ ಒತ್ತಿದಾಗ ಒಂದು ಸಲ 'ಟಕ್', ರಿವರ್ಸ್ ಹಾಕಿ ಹೊರಟಾಗ ಇನ್ನೊಂದು 'ಟಕ್' ಎಂದರೆ ಲೋವರ್ ಆರ್ಮಿನ ಹಿಂದಿನ ಬುಶ್. ಬಹಳ ಕಾರುಗಳಲ್ಲಿ ಈ ಬುಶ್ಶನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಗುಂಡಿಯ ಅಂಚಿಗೆ ಬಡಿದಾಗ ಗಾಲಿ ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿದು ಏಟನ್ನು ನುಂಗಲಿ ಎಂದು. ಅದು ಹರಿದರೆ ಆ ಸರಿದಾಟಕ್ಕೆ ಲಂಗುಲಗಾಮು ಇರುವುದಿಲ್ಲ. ಬ್ರೇಕ್ ಒತ್ತಿದಾಗ ಒಂದು ಗಾಲಿ ಹಿಂದಕ್ಕೆ ಸರಿದು ಗಾಡಿ ಆ ಕಡೆಗೆ ಎಳೆಯುತ್ತದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿದ್ದರೂ ಎಳೆಯುತ್ತದೆ, ನಿಜ. ಆದರೆ ಆಗ ಬ್ರೇಕ್ ಬಿಟ್ಟ ಮೇಲೂ ಎಳೆತ ಉಳಿದಿರುತ್ತದೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಆ ಗಾಲಿಯ ಹತ್ತಿರ ಕೈ ತಂದರೂ ಸಾಕು, ಬಿಸಿ ತಾಗುತ್ತದೆ. ಡಿಸ್ಕ್ ಮುಟ್ಟಬೇಡಿ.

ಒಣ ದಿನಗಳಲ್ಲಿ 'ಕಿರ್ ಕಿರ್' ಎಂದು, ಮಳೆ ಬಂದರೆ ಸುಮ್ಮನಾಗುವುದು ರಬ್ಬರಿನ ಸದ್ದು. ಒಂದೊಂದೇ ಬುಶ್ಶಿಗೆ ನೀರು ಚಿಮುಕಿಸಿ, ಕಾರನ್ನು ಕುಲುಕಿ ನೋಡಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಲ್ಲುತ್ತದೋ ಅದೇ. ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಇನ್ನೆರಡು ಸದ್ದುಗಳು ಸಸ್ಪೆನ್ಷನ್ನಿನವೇ ಅಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ 'ಟಕ ಟಕ ಟಕ' ಬಂದರೆ ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ಯುವ ಆಕ್ಸಲ್ಲಿನ ಕೀಲು, ಸಿವಿ ಜಾಯಿಂಟ್. ವೇಗದ ಜೊತೆ ಏರುವ 'ಹೂಂ' ಎಂಬ ಗುಂಯ್ಗುಡುವಿಕೆ ವೀಲ್ ಬೇರಿಂಗ್. ಎಡಕ್ಕೆ ತಿರುಗಿಸಿದಾಗ ಅದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ನೋಡಿ. ಆಗ ಭಾರವೆಲ್ಲ ಹೊರಗಡೆಯ ಗಾಲಿಗೆ ಹೋಗುತ್ತದಲ್ಲ.

ಜಾಕ್ ಕೊಟ್ಟು ನೋಡುವುದು

ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಅದರ ನೆಚ್ಚಿಕೆಯಲ್ಲಿ ಕಾರಿನ ಕೆಳಗೆ ತಲೆ ಹಾಕಬೇಡಿ. ಗಟ್ಟಿ ನೆಲ, ಹಿಂದಿನ ಗಾಲಿಗೆ ಅಡ್ಡ ಕಲ್ಲು, ಜೊತೆಗೆ ಸ್ಟ್ಯಾಂಡ್. ಇಲ್ಲದಿದ್ದರೆ ಗ್ಯಾರೇಜಿನ ಲಿಫ್ಟ್ ಮೇಲೇ ನೋಡಿ.

ಗಾಲಿಯನ್ನು ಗಡಿಯಾರ ಎಂದುಕೊಳ್ಳಿ. 12 ಮತ್ತು 6ರ ಜಾಗ ಹಿಡಿದು ಒಳಗೆ-ಹೊರಗೆ ಅಲುಗಾಡಿಸಿ. ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಯಾವುದು? ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಾಡಿಸಿ. ಸಡಿಲ ಮಾಯವಾದರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. 9 ಮತ್ತು 3ರಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್.

ಇಲ್ಲಿ ವಿನ್ಯಾಸದ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಮ್ಯಾಕ್‌ಫರ್ಸನ್ ಕಾರಿನಲ್ಲಿ ಭಾರ ಸ್ಪ್ರಿಂಗಿನ ಮೂಲಕ ಮೇಲಿನ ಮೌಂಟಿಗೆ ಹೋಗುತ್ತದೆ, ಕೆಳಗಿನ ಬಾಲ್ ಜಾಯಿಂಟ್ ಕಾರಿನ ತೂಕ ಹೊರುವುದಿಲ್ಲ. ಕಾರಿನ ಮೈಗೆ ಜಾಕ್ ಕೊಟ್ಟು ಗಾಲಿ ಜೋತುಬಿಟ್ಟರೆ ಸಾಕು, ಸಡಿಲ ಕಾಣುತ್ತದೆ. ಇನ್ನೋವಾ ಕ್ರಿಸ್ಟಾದಂಥ ಗಾಡಿಗೆ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದೆ. ಕಾರಿನ ಮೈಗೆ ಜಾಕ್ ಕೊಟ್ಟರೆ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ತಳ್ಳಿ, ಸವೆದ ಜಾಯಿಂಟನ್ನೂ ಬಿಗಿಯಾಗಿ ಇಟ್ಟಿರುತ್ತದೆ. ನೀವು ಎಷ್ಟು ಅಲುಗಾಡಿಸಿದರೂ 'ಎಲ್ಲ ಸರಿ ಇದೆ' ಅನಿಸುತ್ತದೆ. ಇಂಥ ಗಾಡಿಯಲ್ಲಿ ಜಾಕನ್ನು ಕೆಳಗಿನ ಆರ್ಮಿಗೇ, ಆದಷ್ಟು ಗಾಲಿಯ ಹತ್ತಿರ ಕೊಡಬೇಕು.

ಬಾಲ್ ಜಾಯಿಂಟ್ ಸಡಿಲವಾಗಿದ್ದು ಖಾತ್ರಿಯಾದರೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ. ಅದು ಕಳಚಿಕೊಂಡರೆ ಗಾಲಿ ಮಡಚಿಕೊಂಡು ಬೀಳುತ್ತದೆ. ಮೆಕ್ಯಾನಿಕ್‌ನನ್ನೇ ಕರೆಸಿ ಅಥವಾ ಗಾಡಿಯನ್ನು ಎತ್ತಿಸಿಕೊಂಡು ಹೋಗಿ.

ಹಾಗಾದರೆ ಶಾಕ್ ಕೆಟ್ಟಿದ್ದು ಗೊತ್ತಾಗುವುದು ಹೇಗೆ?

ಬಾನೆಟ್ ಅದುಮಿ ಬಿಡುವ ಪರೀಕ್ಷೆ ಸುಳ್ಳಲ್ಲ, ಆದರೆ ಪೂರ್ತಿ ಸತ್ತ ಶಾಕನ್ನು ಮಾತ್ರ ಅದು ಹಿಡಿಯುತ್ತದೆ. ಅರ್ಧ ಸವೆದದ್ದು ಇದರಲ್ಲಿ ಪಾಸಾಗುತ್ತದೆ. ನಾನು ನೋಡುವುದು ಬೇರೆ. ಶಾಕ್ ಮೈಮೇಲೆ ತೆಳ್ಳಗೆ ಎಣ್ಣೆ ಬೆವರಿ ಧೂಳು ಹಿಡಿದಿದ್ದರೆ ಚಿಂತೆ ಇಲ್ಲ. ಒದ್ದೆಯಾಗಿ ಇಳಿದಿದ್ದರೆ ಆಯಸ್ಸು ಮುಗಿದಿದೆ. ಓಡಿಸುವಾಗ ಹೆದ್ದಾರಿಯ ಸೇತುವೆ ಜೋಡಣೆಯಂಥ ಉದ್ದನೆಯ ಏರಿಳಿತದ ಮೇಲೆ ಗಮನಿಸಿ. ಒಂದು ಸಲ ಎದ್ದು ಕೂತರೆ ಸರಿ, ಎರಡು-ಮೂರು ಸಲ ತೂಗಿದರೆ ಶಾಕ್ ದಣಿದಿದೆ.

ಕಾರು ಮುಂದೆ-ಹಿಂದೆ ಕುದುರೆಯಂತೆ ತೂಗುವುದಕ್ಕೆ ಇನ್ನೊಂದು ಕಾರಣವೂ ಇದೆ. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಆಲಿ ಎಂಬ ಎಂಜಿನಿಯರ್ 1930ರ ದಶಕದಲ್ಲೇ ಕಂಡುಕೊಂಡ ಸಂಗತಿ ಇದು. ಹಂಪ್ ಮೊದಲು ಮುಂದಿನ ಗಾಲಿಗೆ ಸಿಗುತ್ತದೆ, ಹಿಂದಿನದಕ್ಕೆ ತಡವಾಗಿ. ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಸ್ವಲ್ಪ ಬೇಗ ತೂಗುವಂತಿದ್ದರೆ, ತಡವಾಗಿ ಹೊರಟರೂ ಓಡಿಬಂದು ಮುಂದಿನದರ ಜೊತೆ ಸೇರಿಕೊಳ್ಳುತ್ತದೆ. ಆಗ ಕಾರು ಸಮತಟ್ಟಾಗಿ ಏರಿಳಿಯುತ್ತದೆ. ಡಿಕ್ಕಿಯಲ್ಲಿ ಅಕ್ಕಿ ಮೂಟೆ ತುಂಬಿದರೆ ಹಿಂದಿನ ತೂಗಾಟ ನಿಧಾನವಾಗಿ ಈ ಲೆಕ್ಕ ತಪ್ಪುತ್ತದೆ. ಊರಿಂದ ಬರುವಾಗ ಮಾತ್ರ 'ಶಾಕ್ ವೀಕ್' ಅನಿಸಿದರೆ ಮೊದಲು ಡಿಕ್ಕಿ ಖಾಲಿ ಮಾಡಿ ನೋಡಿ.

ಇದಕ್ಕೆ ಮದ್ದೆಂದು ಸ್ಪ್ರಿಂಗಿನ ಸುರುಳಿ ನಡುವೆ ರಬ್ಬರ್ ಬಫರ್ ತುರುಕಿಸುವವರಿದ್ದಾರೆ. ನನಗಂತೂ ಇಷ್ಟವಿಲ್ಲ. ಕಾರು ಎತ್ತರವಾಗುತ್ತದೆ, ಹಂಪಿಗೆ ತಳ ತಾಗುವುದಿಲ್ಲ, ಸರಿ. ಆದರೆ ಒಂದು ಸುರುಳಿಯ ಕೆಲಸ ಕಟ್ಟಿಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಶಾಕ್ ಮಾತ್ರ ಹಳೇ ಸ್ಪ್ರಿಂಗಿಗೆ ತಕ್ಕುದೇ. ಅದು ಪುಟಿತವನ್ನು ತಡೆಯಲಾರದೆ ಬೇಗ ಸಾಯುತ್ತದೆ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವವರದು ಉಲ್ಟಾ ಕತೆ. ಆರ್ಮ್ ಮೇಲ್ಮುಖವಾಗಿ ಓರೆಯಾಗುತ್ತದೆ, ಗಾಲಿ ಏರಿಳಿದಾಗಲೆಲ್ಲ ತಾನಾಗಿ ಸ್ವಲ್ಪ ತಿರುಗುತ್ತದೆ, ನೇರ ರಸ್ತೆಯಲ್ಲೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಇಂಥ ಕಾರು ಕೈಗೆ ಸಿಕ್ಕರೆ ದೋಷ ಹುಡುಕುವ ಮುಂಚೆ ಮೂಲ ಸ್ಪ್ರಿಂಗ್ ವಾಪಸ್ ಹಾಕಿಸಿ.

ಹಿಂದಿನ ಗಾಲಿಗಳು

ಟಾರ್ಷನ್ ಬೀಮಿನಲ್ಲಿ ಹುಡುಕಲು ಜಾಸ್ತಿ ಏನಿಲ್ಲ. ಎರಡು ದೊಡ್ಡ ಬುಶ್, ಎರಡು ಶಾಕ್, ಎರಡು ಸ್ಪ್ರಿಂಗ್. ಲೇನ್ ಬದಲಿಸಿದಾಗ ಹಿಂಭಾಗ ಒಂದು ಕ್ಷಣ ತಡವಾಗಿ ಬಂದಂತೆ ಅನಿಸಿದರೆ ಬುಶ್ ನೋಡಿ.

ಎಕ್ಸ್‌ಯುವಿ 500, ಹಳೇ ಸಿವಿಕ್‌ನಂಥ ಗಾಡಿಗಳಿಗೆ ಹಿಂದೆಯೂ ಪೂರ್ತಿ ಸ್ವತಂತ್ರ ಸಸ್ಪೆನ್ಷನ್. ತಿರುವಿನಲ್ಲಿ ಟಯರ್ ರಸ್ತೆಗೆ ಚಪ್ಪಟೆಯಾಗಿ ಕೂರುತ್ತದೆ, ಒಂದು ಗಾಲಿಯ ಗುಂಡಿ ಇನ್ನೊಂದಕ್ಕೆ ತಿಳಿಯುವುದಿಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಒಂದೊಂದು ಕಡೆಗೂ ಹಲವು ಸರಳುಗಳು, ಅವಕ್ಕೆಲ್ಲ ಬುಶ್. ಒಂದು ಹರಿದರೂ ಹಿಂದಿನ ಗಾಲಿಯೇ ಸ್ಟೇರಿಂಗ್ ತಿರುಗಿಸಿದಂತೆ ಆಡುತ್ತದೆ, ಗಾಳಿಗೆ ಗಾಡಿ ಓಲಾಡಿದಂತೆ ಅನಿಸುತ್ತದೆ. ಜನ ಮುಂದಿನ ಅಲೈನ್‌ಮೆಂಟ್ ಮೇಲೆ ಮೇಲೆ ಮಾಡಿಸುತ್ತಲೇ ಇರುತ್ತಾರೆ. ಕರಾವಳಿಯ ಗಾಡಿಗಳಲ್ಲಿ ಹೊಂದಿಸುವ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿರುವುದೂ ಉಂಟು. ಇಂಡಿಕಾದ ಹಿಂದಿನ ಸೆಮಿ ಟ್ರೇಲಿಂಗ್ ಆರ್ಮ್ ಇನ್ನೊಂದು ಬಗೆ. ಹಿಂದೆ ಭಾರ ಬಿದ್ದಷ್ಟೂ ಗಾಲಿಯ ತಲೆ ಒಳಗೆ ವಾಲುತ್ತದೆ. ಟ್ಯಾಕ್ಸಿಯಾಗಿ ದುಡಿದ ಗಾಡಿಯ ಒಳ ಅಂಚು ಸವೆದಿದ್ದರೆ ಅಚ್ಚರಿ ಪಡಬೇಕಿಲ್ಲ.

ರಿಪೇರಿ ಮಾಡಿಸುವಾಗ

ಹೊಸ ಬುಶ್ ಹಾಕಿಸಿ ಆರು ತಿಂಗಳಲ್ಲಿ ಮತ್ತೆ ಹರಿದಿದೆಯಾ? 'ಡೂಪ್ಲಿಕೇಟ್ ಮಾಲು' ಎಂದು ಬೈಯುವ ಮುಂಚೆ ಬೋಲ್ಟ್ ಹೇಗೆ ಟೈಟ್ ಮಾಡಿದರು ಎಂದು ಕೇಳಿ. ಲೋವರ್ ಆರ್ಮ್ ಬುಶ್ಶಿನ ಒಳಗೊಂದು ಕಬ್ಬಿಣದ ಕೊಳವೆ, ಸುತ್ತ ರಬ್ಬರ್ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಆ ಕೊಳವೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಆರ್ಮ್ ಏರಿಳಿದಾಗ ತಿರುಚಿಕೊಳ್ಳುವುದು ರಬ್ಬರ್ ಒಂದೇ. ಕಾರು ಲಿಫ್ಟ್ ಮೇಲಿದ್ದು ಗಾಲಿ ಜೋತಾಡುತ್ತಿರುವಾಗಲೇ ಬಿಗಿದರೆ, ರಬ್ಬರಿನ ಪಾಲಿಗೆ ಆ ಜೋತ ಸ್ಥಿತಿಯೇ ಆರಾಮ. ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ. ಸವಾರಿ ಬಿರುಸಾಗುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಲಿಫ್ಟ್ ಮೇಲೆ ಬೋಲ್ಟ್ ಸುಮ್ನೆ ಕೂರಿಸಿ, ಗಾಲಿಗಳ ಮೇಲೆ ಕಾರಿನ ಭಾರ ಬಿದ್ದ ಮೇಲೆ ಪೂರ್ತಿ ಬಿಗಿಯಬೇಕು. ಪಿಟ್ ಇರುವ ಗ್ಯಾರೇಜಿನಲ್ಲಿ ಇದು ಸುಲಭ. ಅವಸರದಲ್ಲಿರುವವರು ಬಿಟ್ಟುಬಿಡುವ ಕೆಲಸವೂ ಇದೇ. ಪಕ್ಕದಲ್ಲಿ ನಿಂತು ಮೆಲ್ಲಗೆ ನೆನಪಿಸಿ.

ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಮುಖ ಮೂತಿ ಉಳಿಯುವುದಿಲ್ಲ.

ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಸಡಿಲ ಕೀಲು ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮೊದಲ ಗುಂಡಿಯವರೆಗೆ ಮಾತ್ರ. ಸರಿಪಡಿಸುವ ಮುಂಚಿನ ಅಳತೆಯ ಪ್ರಿಂಟನ್ನೂ ಕೇಳಿ ಪಡೆಯಿರಿ. ಬಹಳಷ್ಟು ಸಣ್ಣ ಕಾರುಗಳ ಮುಂದೆ ಟೋ ಮಾತ್ರ ಹೊಂದಿಸಬಹುದು, ಕ್ಯಾಂಬರ್‌ಗೆ (ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅವಕಾಶ ಕೊಟ್ಟಿರುವುದಿಲ್ಲ. ಎಡ-ಬಲದ ಕ್ಯಾಂಬರ್ ನಡುವೆ ತುಂಬ ವ್ಯತ್ಯಾಸವಿದ್ದರೆ ಸ್ಟ್ರಟ್, ಆರ್ಮ್ ಅಥವಾ ಗಾಲಿ ಕೂರುವ ಸ್ಟೇರಿಂಗ್ ನಕಲ್ (knuckle) ಬಾಗಿದೆ, ಇಲ್ಲವೇ ಆರ್ಮ್‌ಗಳನ್ನು ಹೊತ್ತ ಸಬ್‌ಫ್ರೇಮ್ ಸರಿದಿದೆ. ಟೋ ತಿರುಗಿಸಿ ಅದನ್ನು ಮುಚ್ಚಿಹಾಕಲು ಬಿಡಬೇಡಿ.

ಕೊನೆಗೆ ಸದ್ದು ಬಂದ ಅದೇ ಗುಂಡಿ, ಅದೇ ಹಂಪ್ ಮೇಲೆ, ಅದೇ ವೇಗದಲ್ಲಿ ಮತ್ತೆ ಓಡಿಸಿ ನೋಡಿ. ಬಿಚ್ಚಿದ ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಿ, ಕೈಯಲ್ಲಿ ಹಿಡಿದು ಅಲುಗಾಡಿಸಿ. ನನ್ನ ಆ ಲಿಂಕ್ ರಾಡ್ ಇನ್ನೂ ಡಿಕ್ಕಿಯಲ್ಲಿದೆ. ಒಂದು ತುದಿಯ ಕೀಲು ಬೆರಳಿಗೆ ಬಗ್ಗದಷ್ಟು ಬಿಗಿ. ಇನ್ನೊಂದು ತುದಿಯದು ಗಂಟೆಯ ನಾಲಗೆಯಂತೆ ತಾನಾಗಿ ತೂಗುತ್ತದೆ. ಅದರ ಪಕ್ಕದಲ್ಲೇ, ಏನೂ ಕೆಡದ ಎರಡು ಹಳೇ ಶಾಕ್‌ಗಳೂ ಬಿದ್ದಿವೆ.